ಎರಡು ಕೊನೆಯ ಪುಸ್ತಕ

ಕತೆ ಬರೆದು ನಾನು ಗಳಿಸಿದ ಮೊದಲ ಸಂಪಾದನೆ ಒಂದು ರವಿಕೆ ಕಣ. ಗಿಳಿಹಸಿರು ಬಣ್ಣದ್ದು. ಅಂಚಿನಲ್ಲಿ ಒಂದು ಕಡೆ ಇಲಿ ಕಡಿದ ತೂತಿತ್ತು. ಕೊಟ್ಟವರಿಗೆ ಆ ತೂತಿನ ವಿಷಯ ಗೊತ್ತಿತ್ತು ಎಂದು ನನಗೆ ಇವತ್ತಿಗೂ ಗುಮಾನಿ. ಆದರೂ ಅದನ್ನು ಎರಡು ವರ್ಷ ಹೊಲಿಸದೆ ಟ್ರಂಕಿನಲ್ಲಿ ಇಟ್ಟುಕೊಂಡಿದ್ದೆ. ಲೇಖಕಿ ಅಂದರೆ ಸುಮ್ಮನೆ ಆಯಿತೇ?

ತೊಂಬತ್ತರ ದಶಕದ ಮೊದಲ ವರ್ಷಗಳು. ಶಿಕಾರಿಪುರದಲ್ಲಿ ಬಿ.ಎ. ಮುಗಿಸಿ ಸೊರಬದ ಮನೆಗೆ ಬಂದು ಕೂತಿದ್ದೆ. ಕೂತಿದ್ದೆ ಅಂದರೆ ನಿಜವಾಗಿಯೂ ಕೂತಿದ್ದೆ. ಗಂಡಿನ ಕಡೆಯವರು ನೋಡಲು ಬಂದಾಗ ಎದ್ದು ನಿಲ್ಲುತ್ತಿದ್ದೆ, ಅವರು ಉಪ್ಪಿಟ್ಟು ತಿಂದು ಹೋದ ಮೇಲೆ ಮತ್ತೆ ಕೂರುತ್ತಿದ್ದೆ. ಅಣ್ಣನಿಗೆ ಪೇಟೆಯಲ್ಲಿ ಪಂಪ್‌ಸೆಟ್ಟಿನ ಸಾಮಾನಿನ ಅಂಗಡಿ. ಮನೆಯಲ್ಲಿ ಅವ್ವ, ಅಣ್ಣ, ಅತ್ತಿಗೆ, ನಾನು. ಹಿತ್ತಲಿನಲ್ಲಿ ಎರಡು ಎಮ್ಮೆ. ಎಮ್ಮೆಗಳು ಅತ್ತಿಗೆಯವು. ಬೀದಿಯ ನಾಲ್ಕು ಮನೆಗೆ ಅವರು ತಿಂಗಳ ಲೆಕ್ಕಕ್ಕೆ ವರ್ತನೆ ಹಾಲು ಹಾಕುತ್ತಿದ್ದರು, ಅದರ ದುಡ್ಡೂ ಅವರದೇ.

ಅತ್ತಿಗೆಯ ತವರು ತೊಗರ್ಸಿ. ನನಗಿಂತ ಎರಡೇ ವರ್ಷ ದೊಡ್ಡವರು. ನಡುವೆ ಎರಡು ವರ್ಷ ಶಾಲೆ ಬಿಡಿಸಿ, ಮತ್ತೆ ಅತ್ತು ಕರೆದು ಸೇರಿಕೊಂಡು, ಹದಿನೆಂಟು ತುಂಬಿದಾಗ ಹತ್ತನೇ ತರಗತಿಯಲ್ಲಿದ್ದರಂತೆ. ಪರೀಕ್ಷೆಯ ಹಾಲ್ ಟಿಕೆಟ್ಟು ಬಂದ ವಾರವೇ ನಮ್ಮ ಮನೆಯ ಸಂಬಂಧವೂ ಬಂತು. "ಇಂಗ್ಲಿಷ್ ಪೇಪರಿನ ದಿನಾನೇ ನಂಗೆ ತಾಳಿ ಬಿತ್ತು ಕಣೇ" ಎಂದು ಅವರು ನಗುತ್ತಾ ಹೇಳುತ್ತಿದ್ದರು. ಆ ಹಾಲ್ ಟಿಕೆಟ್ಟು ಅವರ ಧಾರೆ ಸೀರೆಯ ಮಡಿಕೆಯಲ್ಲಿ ಇತ್ತು. ಸೀರೆ ಬಿಸಿಲಿಗೆ ಹಾಕುವಾಗೆಲ್ಲ ಅದನ್ನು ತೆಗೆದು ಕಿಟಕಿಯಲ್ಲಿಟ್ಟು, ಸೀರೆ ಮಡಿಸುವಾಗ ಮತ್ತೆ ಒಳಗಿಡುತ್ತಿದ್ದರು. ನಾನು ನೋಡುತ್ತಿದ್ದೆ. ನೋಡುವುದು ಬೇರೆ, ಅರ್ಥವಾಗುವುದು ಬೇರೆ.

ನಮ್ಮ ಬೀದಿಗೆ ಒಂದೇ ವಾರಪತ್ರಿಕೆ ಬರುತ್ತಿತ್ತು. ಐದು ಮನೆಯವರು ಸೇರಿ ತರಿಸುತ್ತಿದ್ದೆವು. ಮೊದಲು ಓದಬೇಕೆಂಬ ಜಗಳ ನಾಲ್ಕು ಮನೆಯವರದು. ಅತ್ತಿಗೆ ಮಾತ್ರ ನಮಗೆ ಕೊನೆಗೆ ಸಾಕು ಅನ್ನುತ್ತಿದ್ದರು. ಕಾರಣ ಇಷ್ಟೇ: ಕೊನೆಗೆ ಓದುವವರಿಗೆ ಧಾರಾವಾಹಿಯ ಹಾಳೆ ಕತ್ತರಿಸಿಕೊಳ್ಳುವ ಹಕ್ಕು. ಕಂತಿನ ಮೇಲೆ ಕಂತು ಕತ್ತರಿಸಿ ಹಾಸಿಗೆಯಡಿ ಒತ್ತಿಟ್ಟು, ಕತೆ ಮುಗಿದ ಮೇಲೆ ಸಂತೆಯ ದಿನ ಶಿರಾಳಕೊಪ್ಪಕ್ಕೆ ಒಯ್ದು ಬೈಂಡ್ ಹಾಕಿಸುವುದು. ಹಾಗೆ ಆಗಿನ ಕಾಲದಲ್ಲಿ ಎಷ್ಟು ಮನೆಗಳಲ್ಲಿ ಎಷ್ಟು ಕಾದಂಬರಿಗಳು ತಯಾರಾದವೋ, ಬರೆದವರಿಗೂ ಗೊತ್ತಿರಲಿಕ್ಕಿಲ್ಲ.

ಆ ವರ್ಷದ ಧಾರಾವಾಹಿಯ ನಾಯಕಿ ಬಡವರ ಮನೆಯ ಹುಡುಗಿ. ಹಗಲು ಕೂಲಿ, ಸಂಜೆ ಓದು. ಮೂವತ್ತಮೂರು ವಾರ ಅವಳು ಪರೀಕ್ಷೆಗೆ ಓದಿದಳು, ಅತ್ತಿಗೆಯೂ ಅವಳ ಜೊತೆ ಓದಿದರು. ಮೂವತ್ತನಾಲ್ಕನೇ ವಾರ ಅವಳಿಗೆ ಜ್ವರ ಬಂತು. ಕತೆ ಬರೆದ ಪುಣ್ಯಾತ್ಮರು ಅದೇ ಕಂತಿನಲ್ಲಿ ಅವಳನ್ನು ಸಾಯಿಸಿ 'ಮುಗಿಯಿತು' ಎಂದು ಹಾಕಿಬಿಟ್ಟರು.

ಅವತ್ತು ಅತ್ತಿಗೆ ಮಧ್ಯಾಹ್ನ ಊಟ ಮಾಡಲಿಲ್ಲ. ಅವ್ವ ಹೊಟ್ಟೆನೋವೇನೋ ಎಂದು ಓಮಕಾಳು ತಂದುಕೊಟ್ಟಳು.

"ಮೂವತ್ನಾಕು ವಾರ ಓದಿಸಿ ಕೊಂದ್ರಲ್ಲ, ಇವರ ಕೈ ಸೇದಿಹೋಗ" ಎಂದು ಅತ್ತಿಗೆ ಓಮಕಾಳು ಅಗಿಯುತ್ತಲೇ ಬೈದರು. ಆಮೇಲೆ ನನ್ನ ಕಡೆ ತಿರುಗಿ, "ನೀನು ಬಿ.ಎ. ಮಾಡೀಯಲ್ಲ? ಬ್ಯಾರೆ ಬರಿ" ಅಂದರು.

ಮೂರು ಮಧ್ಯಾಹ್ನ ಕೂತು ಬರೆದೆ. ಜ್ವರ ಇಳಿಯಿತು. ಔಷಧಿ ಕೊಟ್ಟ ಡಾಕ್ಟರು ಅವಳ ಗುಣಕ್ಕೆ ಮೆಚ್ಚಿ ಅವಳನ್ನೇ ಮದುವೆಯಾದ. ಅಚ್ಚಿನ ಅಕ್ಷರದ ಹಾಗೆ ದುಂಡಗೆ ಬರೆದು, ಮೇಲೆ 'ಮೂವತ್ತನಾಲ್ಕನೇ ಕಂತು' ಎಂದು ತಲೆಬರಹ ಕೊಟ್ಟು, ಒಂದು ಚಿತ್ರವನ್ನೂ ಬಿಡಿಸಿದೆ. ಚಿತ್ರದಲ್ಲಿ ನಾಯಕಿಯ ಒಂದು ಕಣ್ಣು ದೊಡ್ಡದಾಯಿತು.

ಅತ್ತಿಗೆ ಎರಡು ಸಲ ಓದಿದರು. "ಚಲೋ ಆಗೈತೆ. ಆದ್ರೆ ಪರೀಕ್ಷೆ?"

"ಯಾವ ಪರೀಕ್ಷೆ?"

"ಅವಳು ಓದ್ತಿದ್ಲಲ್ಲ. ಬರ್ದ್ಲೋ ಇಲ್ವೋ?"

"ಡಾಕ್ಟರನ್ನೇ ಮದುವೆಯಾದಳಲ್ಲ ಅತ್ತಿಗೆ, ಇನ್ನೆಂಥ ಪರೀಕ್ಷೆ?"

ಅವರು ನಕ್ಕರು. "ಅದೂ ಖರೆ ಬಿಡು" ಅಂದರು. ಆ ನಗುವಿನ ಅರ್ಥ ನನಗಾಗಲು ನಾಲ್ಕು ವರ್ಷ ಬೇಕಾಯಿತು. ಬಿ.ಎ. ಮಾಡಿದವರ ಬುದ್ಧಿ ಅಷ್ಟೇ.

ಶಿರಾಳಕೊಪ್ಪದ ಬಸ್‌ಸ್ಟ್ಯಾಂಡಿನ ಹಿಂದೆ ಬೈಂಡಿಂಗ್ ಸಾಹೇಬರ ಅಂಗಡಿ. ಒಂದು ಮರದ ಪ್ರೆಸ್ಸು, ದಬ್ಬಳ, ದಾರ, ಮೈದಾ ಅಂಟಿನ ಬೋಗುಣಿ, ಇಷ್ಟೇ ಬಂಡವಾಳ. ಅಂಟಿಗೆ ಹುಳ ಬೀಳದಿರಲೆಂದು ಮೈಲುತುತ್ತ ಬೆರೆಸುತ್ತಿದ್ದರು, ಹಾಗಾಗಿ ಅವರ ಬೆರಳ ತುದಿಗಳು ಸದಾ ನೀಲಿ. ಉರ್ದುವನ್ನು ನೀರು ಕುಡಿದ ಹಾಗೆ ಓದುತ್ತಿದ್ದರು, ಕನ್ನಡವನ್ನು ಅಕ್ಷರ ಅಕ್ಷರ ಕೂಡಿಸಿ ಓದುತ್ತಿದ್ದರು. ಆದ್ದರಿಂದ ಧಾರಾವಾಹಿಗಳನ್ನು ಅವರು ಜೋಡಿಸುತ್ತಿದ್ದದ್ದು ಕಂತಿನ ಲೆಕ್ಕದ ಮೇಲೆ. ಒಂದು, ಎರಡು, ಮೂರು.

ಅತ್ತಿಗೆಗೆ ಅಚ್ಚಾದ ಹಾಳೆ ಎಸೆಯಲು ಮನಸ್ಸು ಬಂದಿರಲಿಲ್ಲ. ಸಾಯುವ ಕಂತನ್ನೂ ಕಟ್ಟಿನ ತಳದಲ್ಲಿ ಇಟ್ಟುಕೊಂಡೇ ಒಯ್ದಿದ್ದರು, ಅದನ್ನು ಬಿಟ್ಟು ಹೊಲಿಯಿರಿ ಎಂದು ಹೇಳಲು ಮರೆತರು. ಸಾಹೇಬರ ಕೈಗೆ ಎರಡು ಮೂವತ್ತನಾಲ್ಕು ಸಿಕ್ಕವು. ಅವರ ನಿಯಮ ಒಂದೇ: ಗಿರಾಕಿ ಕೊಟ್ಟ ಹಾಳೆ ಒಂದೂ ಬಿಡಬಾರದು. ಅಚ್ಚಾದದ್ದನ್ನು ಮೊದಲು, ನನ್ನದನ್ನು ಆಮೇಲೆ ಇಟ್ಟು, ಹೊಲಿದು, ಕೆಂಪು ಕ್ಯಾಲಿಕೋ ಬಟ್ಟೆಯ ಬೆನ್ನು ಅಂಟಿಸಿ ಕೊಟ್ಟರು.

ಪುಸ್ತಕ ತೆರೆದರೆ ಹುಡುಗಿ ಸತ್ತು, ತಲೆದೆಸೆಯಲ್ಲಿ ದೀಪ ಹಚ್ಚಿ, ತಾಯಿ ಗೋಳಾಡಿ, ಮುಂದಿನ ಪುಟದಲ್ಲಿ ಕಣ್ಣು ಬಿಟ್ಟು ಗಂಜಿ ಕೇಳುತ್ತಿದ್ದಳು. ಅತ್ತಿಗೆ ನಕ್ಕು ನಕ್ಕು ಗೋಡೆಗೆ ಒರಗಿದರು. ನಾನು ಸಾಹೇಬರ ಹತ್ತಿರ ಜಗಳಕ್ಕೆ ಹೋದೆ.

"ಬೇಟಿ, ಕೊಟ್ಟ ಹಾಳೆ ಅಮಾನತ್ತು, ನಂಬಿ ಇಟ್ಟ ಒಡವೆ ಇದ್ದಂಗೆ" ಅಂದರು ಅವರು, ದಾರಕ್ಕೆ ಮೇಣ ಉಜ್ಜುತ್ತಾ. "ಯಾವುದು ಬೇಕು ಯಾವುದು ಬ್ಯಾಡ ಅಂತ ನಾನು ಹ್ಯಾಗೆ ಹೇಳಲಿ?"

ಆ ಪುಸ್ತಕ ಮನೆಯಿಂದ ಮನೆಗೆ ಹೋಯಿತು. ಹೊಸಬಾಳೆಗೆ ಹೋಯಿತು, ತೊಗರ್ಸಿಗೆ ಹೋಯಿತು. ನಾಲ್ಕು ತಿಂಗಳ ಮೇಲೆ ಅರಿಸಿನದ ಕಲೆ ಮಾಡಿಸಿಕೊಂಡು ತಿರುಗಿ ಬಂದಾಗ, ಅದರ ಜೊತೆಗೇ ಹೊಸಬಾಳೆಯ ಒಬ್ಬರು ಬಂದರು. "ಎರಡು ಕೊನೆ ಇಟ್ಟಿದ್ದು ಭಾಳ ಚೊಲೋ ಆತು ಮಾರಾಯ್ತಿ. ಅಳು ಬಂದ ದಿನ ಮೊದಲ್ನೇದು ಓದ್ತೀನಿ, ಇಲ್ದಿದ್ರೆ ಎರಡ್ನೇದು" ಅಂದರು. ತಾವು ಕೂಡಿಟ್ಟ ಇನ್ನೊಂದು ಧಾರಾವಾಹಿಯ ಕಟ್ಟು ಬಿಚ್ಚಿ, ಇದಕ್ಕೂ ಒಂದು ಎರಡನೇ ಕೊನೆ ಬರೆದುಕೊಡು ಎಂದು ಕೇಳಿದರು. ಆ ಗಿಳಿಹಸಿರು ರವಿಕೆ ಕಣ ಅವರು ಕೊಟ್ಟದ್ದು.

ಆಮೇಲೆ ಸಾಹೇಬರೇ ದಲ್ಲಾಳಿಯಾದರು. ಬೈಂಡಿಗೆ ಬಂದವರನ್ನು "ಒಂದು ಕೊನೆಯೋ, ಎರಡೋ?" ಎಂದು ಕೇಳುತ್ತಿದ್ದರು. ಎರಡು ಅಂದರೆ ಕಟ್ಟು ನನಗೆ ಬರುತ್ತಿತ್ತು, ಒಂದು ಕೊನೆಗೆ ಹತ್ತು ರೂಪಾಯಿ. ಒಬ್ಬರಿಗೆ ಕತೆಯ ಅತ್ತೆಯ ಬಾಯಿ ಕಟ್ಟಿಹೋಗಬೇಕಿತ್ತು. "ಪೂರ್ತಿ ಬ್ಯಾಡ, ಒಂದು ವಾರ ಸಾಕು" ಎಂದು ಚೀಟಿ ಬರೆದಿದ್ದರು. ಬಟ್ಟೆ ಅಂಗಡಿಯ ಒಬ್ಬ ಯಜಮಾನರಿಗೆ ಓಡಿಹೋದ ನಾಯಕ ತಾನಾಗಿ ತಿರುಗಿ ಬರಬೇಕು, ಆದರೆ ಯಾರೂ ಅವನನ್ನು ಬೈಯಬಾರದು. ಆ ಯಜಮಾನರ ಮಗ ಊರು ಬಿಟ್ಟು ಹೋಗಿ ವರ್ಷವಾಗಿತ್ತು ಎಂದು ಸಾಹೇಬರು ಆಮೇಲೆ ಹೇಳಿದರು. ಆ ಕೊನೆಯನ್ನು ನಾನು ಮೂರು ಸಲ ತಿದ್ದಿ ಬರೆದೆ.

ಎರಡು ವರ್ಷ ಹೀಗೆ ಬರೆದ ಮೇಲೆ ನನ್ನ ತಲೆಗೆ ಕೋಡು ಮೂಡಿತು. ಎಷ್ಟು ದಿನ ಯಾರದೋ ಮಗಳಿಗೆ ಜಡೆ ಹೆಣೆಯುವುದು? ನನ್ನದೇ ಕತೆ, ನನ್ನದೇ ಹೆಸರು, ನನ್ನದೇ ಪುಸ್ತಕ ಬೇಕು ಅನ್ನಿಸಿತು. "ಹತ್ತು ಕಟ್ಟೋ ಕಡೆ ಒಂದು ಮುತ್ತು ಕಟ್ಟು, ಬರಿ" ಎಂದು ಅತ್ತಿಗೆಯೂ ಹುರಿದುಂಬಿಸಿದರು.

ನೂರ ಹತ್ತು ಪುಟದ ಕಾದಂಬರಿ ಬರೆದೆ. ನಾಯಕಿ ಯಾರು ಎಂದು ಹೇಳಬೇಕಾಗಿಲ್ಲ. ಪರೀಕ್ಷೆಯ ದಿನ ತಾಳಿ ಕಟ್ಟಿಸಿಕೊಂಡವಳು, ಎಮ್ಮೆ ಕಟ್ಟಿದವಳು, ಎಲ್ಲರಿಗೂ ಬೇಕಾದ ಸೊಸೆ. ಕೊನೆಯಲ್ಲಿ ಅವಳ ಮಗಳು ಹತ್ತನೇ ತರಗತಿ ಫಸ್ಟ್ ಕ್ಲಾಸಿನಲ್ಲಿ ಪಾಸಾಗುತ್ತಾಳೆ. ತಾಯಿ ಕಣ್ಣೊರೆಸಿಕೊಂಡು, ಇವತ್ತು ನನ್ನ ಪರೀಕ್ಷೆಯೂ ಮುಗಿಯಿತು ಅನ್ನುತ್ತಾಳೆ. ಆ ಸಾಲು ಬರೆದಾಗ ನನಗೇ ಮೈ ಜುಮ್ಮೆಂದಿತ್ತು. ಅತ್ತಿಗೆ ಓದಿ, "ಮಗಳು ಪಾಸಾದ್ಲು, ಚಲೋ ಆತು" ಅಂದರು. ಅತ್ತಿಗೆಗೆ ಆಗ ಮಕ್ಕಳೇ ಇರಲಿಲ್ಲ.

ಒಂದು ಪ್ರಕಾಶನಕ್ಕೆ ಕಳಿಸಿದೆ, ಟಪಾಲಿನಲ್ಲಿ ಹೋದ ಹಾಗೆಯೇ ತಿರುಗಿ ಬಂತು. ನಾವೇ ಅಚ್ಚು ಹಾಕಿಸೋಣ ಅಂದವರು ಅತ್ತಿಗೆ. ಅಕ್ಕಿ ಡಬ್ಬದ ಹಿಂದಿನಿಂದ ಒಂದು ಸ್ಟೀಲ್ ಡಬ್ಬಿ ತೆಗೆದು ನನ್ನ ಮುಂದಿಟ್ಟರು. ಮೂರು ವರ್ಷದ ಹಾಲಿನ ದುಡ್ಡು. "ಏನಕ್ಕೋ ಅಂತ ಕೂಡಿಟ್ಟಿದ್ದೆ. ನಿನ್ನ ಪುಸ್ತಕಕ್ಕೇ ಆಗ್ಲಿ ತಗಾ."

ಏನಕ್ಕೆ ಎಂದು ನಾನು ಕೇಳಲಿಲ್ಲ. ಕೇಳಿದರೆ ಪುಸ್ತಕ ಆಗುವುದಿಲ್ಲ ಎಂದು ಒಳಗೆಲ್ಲೋ ಗೊತ್ತಿತ್ತೋ ಏನೋ.

ಶಿಕಾರಿಪುರದ ಒಂದು ಪ್ರೆಸ್ಸಿಗೆ ಕೊಟ್ಟೆವು. ಅವರದು ಲಗ್ನಪತ್ರಿಕೆಯ ವ್ಯಾಪಾರ. ಮದುವೆಯ ಕಾಲ ಮುಗಿಯುವವರೆಗೆ ನನ್ನ ಕಾದಂಬರಿ ಕಾಯಬೇಕಾಯಿತು, ಯಾಕೆಂದರೆ ಅಚ್ಚುಮೊಳೆಗಳೆಲ್ಲ 'ಚಿರಂಜೀವಿ ಸೌಭಾಗ್ಯವತಿ'ಗಳಲ್ಲಿ ಸಿಕ್ಕಿಕೊಂಡಿದ್ದವು. ಮುಖಪುಟಕ್ಕೆ ಅವರ ಹತ್ತಿರ ಇದ್ದ ಬ್ಲಾಕು ಒಂದೇ: ಎರಡು ಬಾಳೆಕಂಬ, ನಡುವೆ ಮಾವಿನ ತೋರಣ. ಅದನ್ನೇ ಹಾಕಿದರು. ಐನೂರು ಪ್ರತಿ ಬಸ್ಸಿನ ಟಾಪಿನ ಮೇಲೆ ಸೊರಬಕ್ಕೆ ಬಂದವು. ಕಂಡಕ್ಟರು ಒಂದು ಪ್ರತಿ ನೋಡಿ, "ಯಾವಾಗ ಮದುವೆ?" ಎಂದು ಕೇಳಿದ.

ಪುಸ್ತಕ ಹೋಗಲಿಲ್ಲ. ಸಾಹೇಬರು ಅಂಗಡಿಯಲ್ಲಿ ಹತ್ತು ಪ್ರತಿ ಇಟ್ಟುಕೊಂಡು ನಾಲ್ಕು ಮಾರಿಕೊಟ್ಟರು. ನನ್ನ ಹಳೆಯ ಗಿರಾಕಿಗಳು ತಿರುವಿ ನೋಡಿ, "ಈ ಹುಡುಗಿ ಯಾರೋ ಗೊತ್ತಿಲ್ಲವಲ್ಲ" ಅನ್ನುತ್ತಿದ್ದರು. ವಾರ ವಾರ ನೋಡಿ ಅಭ್ಯಾಸವಾದ ನಾಯಕಿಯ ಕಷ್ಟವೇ ಅವರಿಗೆ ಬೇಕು. "ಇದು ಇರ್ಲಿ, ಹೋದ ವರ್ಷದ್ದಕ್ಕೆ ಕೊನೆ ಬರ್ಕೊಡ್ತೀಯಾ?" ಎಂದು ಕೇಳಿದವರಿಗೆ, ಅದೆಲ್ಲ ಬಿಟ್ಟುಬಿಟ್ಟಿದ್ದೇನೆ ಎಂದು ಮುಖ ಸಿಂಡರಿಸಿದೆ. ಕಟ್ಟುಗಳು ಅತ್ತಿಗೆಯ ಮಂಚದಡಿ ಸೇರಿದವು. ಕಸ ಗುಡಿಸುವಾಗ ಅವರು ಕಟ್ಟುಗಳನ್ನು ಎಳೆದು, ಗುಡಿಸಿ, ಮತ್ತೆ ತಳ್ಳುತ್ತಿದ್ದರು. ಬೈದಿದ್ದರೆ ಎಷ್ಟೋ ಹಗುರಾಗುತ್ತಿತ್ತು.

ಮರುವರ್ಷ ಅವರ ತಮ್ಮನ ಮದುವೆ ಬಂತು. ತಾಂಬೂಲದ ಚೀಲಕ್ಕೆ ತೆಂಗಿನಕಾಯಿ, ಎಲೆ ಅಡಿಕೆಯ ಜೊತೆ ನನ್ನ ಪುಸ್ತಕವನ್ನೂ ಹಾಕಿಬಿಡೋಣ ಎಂದು ಅತ್ತಿಗೆಯೇ ಹೇಳಿದರು. ಬಾಳೆಕಂಬದ ಮುಖಪುಟ ಅಂದು ಸಾರ್ಥಕವಾಯಿತು. ಇನ್ನೂರೈವತ್ತು ಕಾದಂಬರಿಗಳು ತೆಂಗಿನಕಾಯಿಯ ಪಕ್ಕ ಕೂತು ತಾಲ್ಲೂಕಿನ ಹಳ್ಳಿಗಳಿಗೆಲ್ಲ ಹೋದವು. ಮಾರಾಟದ ಲೆಕ್ಕದಲ್ಲಿ ಸೊನ್ನೆ, ಆದರೂ ನನಗೆ ಸ್ವಲ್ಪ ಸಮಾಧಾನವಾಯಿತು.

ಅದಾಗಿ ಕೆಲವು ತಿಂಗಳಿಗೆ ಒಂದು ಸಂತೆಯ ದಿನ ಶಿರಾಳಕೊಪ್ಪದಲ್ಲಿ ಸಾಹೇಬರು ನನ್ನನ್ನು ಕರೆದರು. ಕಾಗದದಲ್ಲಿ ಸುತ್ತಿದ ಪುಸ್ತಕವೊಂದನ್ನು ಕೈಗಿಟ್ಟು, "ನಿಮ್ಮ ಮನೇದೇ, ತಗೊಂಡು ಹೋಗಿ. ಕೆಲಸ ಮುಗಿದೈತೆ" ಅಂದರು. ನಮ್ಮ ಮನೆಯದು ನಮ್ಮ ಮನೆಗೆ ಮುಟ್ಟಿದರಾಯಿತು ಎಂಬ ಲೆಕ್ಕ ಅವರದು. ಬಂದು ನಾನೇ ಒಯ್ಯುತ್ತೇನೆ, ಯಾರಿಗೂ ಕೊಡಬೇಡಿ ಎಂದು ಅತ್ತಿಗೆ ಹೇಳಿದ್ದದ್ದು ಅವರಿಗೆ ಮರೆತೇಹೋಗಿತ್ತು.

ಬಸ್ಸಿನಲ್ಲಿ ಕೂತು ಬಿಚ್ಚಿದೆ. ನನ್ನದೇ ಕಾದಂಬರಿ, ಕೆಂಪು ಕ್ಯಾಲಿಕೋ ಬೆನ್ನು. ನನ್ನ ಕೊನೆಯ ಪುಟ ಆದ ಮೇಲೆ ಮೂರು ಹಾಳೆ ಹೆಚ್ಚಿಗೆ ಹೊಲಿದಿದ್ದರು. ಹಾಲಿನ ವರ್ತನೆ ಬರೆಯುವ ನೋಟ್‌ಬುಕ್ಕಿನ ಹಾಳೆ. ಅಕ್ಷರ ಗೋಡೆಯ ಕ್ಯಾಲೆಂಡರಿನಲ್ಲಿ ದಿನಾ ನೋಡುವ ಅತ್ತಿಗೆಯ ಅಕ್ಷರ.

ಅತ್ತಿಗೆಯ ಕೊನೆಯಲ್ಲಿ ಮಗಳಿಲ್ಲ, ಯಾರೂ ಕಣ್ಣೊರೆಸಿಕೊಳ್ಳುವುದಿಲ್ಲ. ಇಪ್ಪತ್ತೆಂಟು ವರ್ಷದ ನಾಯಕಿ ಬೆಳಿಗ್ಗೆ ಎದ್ದು ರೊಟ್ಟಿ ಬಡಿದು, ಬದನೆಕಾಯಿ ಪಲ್ಯ ಮಾಡಿಟ್ಟು, ಏಳೂವರೆಯ ಬಸ್ಸಿಗೆ ಶಿರಾಳಕೊಪ್ಪಕ್ಕೆ ಹೋಗಿ ಟ್ಯುಟೋರಿಯಲ್ಲಿಗೆ ಸೇರುತ್ತಾಳೆ. ಫೀಸು ಕಟ್ಟುತ್ತಾಳೆ. ಎಮ್ಮೆಯನ್ನು ನಾದಿನಿ ಕರೆಯುತ್ತಾಳೆ. ನಾದಿನಿಗೆ ಹಾಲು ಕರೆಯಲು ಬರುತ್ತದೆ ಎಂದು ಬರೆದಿದ್ದರು. ಆರೂ ಪೇಪರು ಬರೆಯುತ್ತಾಳೆ, ಇಂಗ್ಲಿಷಿನದನ್ನೂ. ನಡುವೆ ಒಂದು ಕಡೆ ಹೀಗಿತ್ತು: 'ದುಡ್ಡು ಡಬ್ಬಿಯಲ್ಲೇ ಇತ್ತು. ಅವಳು ಅದನ್ನು ಯಾರಿಗೂ ಕೊಟ್ಟಿರಲಿಲ್ಲ.'

ನಾನು ಅತ್ತೆ. ತುಂಬಿದ ಬಸ್ಸಿನಲ್ಲಿ, ಪಕ್ಕದಲ್ಲಿ ಕೋಳಿ ಹಿಡಿದು ಕೂತ ಹೆಂಗಸು ಗಾಬರಿಯಾಗುವಷ್ಟು ಅತ್ತೆ. ಅವರ ಬದುಕನ್ನು ಎತ್ತಿಕೊಂಡು ಕತೆ ಮಾಡಿದೆ, ಅವರ ದುಡ್ಡಿನಲ್ಲೇ ಅಚ್ಚು ಹಾಕಿಸಿದೆ, ಕೊನೆಗೆ ಅವರ ಪರೀಕ್ಷೆಯನ್ನು ಹುಟ್ಟದ ಮಗಳಿಂದ ಬರೆಸಿ ಕೈ ತೊಳೆದುಕೊಂಡೆ. ನನ್ನ ಮೇಲೆ ನನಗೆ ಬಂದ ಸಿಟ್ಟು ಅಷ್ಟಿಷ್ಟಲ್ಲ.

ಮರುಸಂತೆಗೆ ಪುಸ್ತಕವನ್ನು ಹಾಗೇ ಸುತ್ತಿ ಸಾಹೇಬರಿಗೆ ತಿರುಗಿ ಕೊಟ್ಟೆ. ಅತ್ತಿಗೆ ಬಂದಾಗ ಅವರ ಕೈಗೇ ಕೊಡಿ, ನನಗೆ ತೋರಿಸಿದ್ದು ಹೇಳಬೇಡಿ ಅಂದೆ. "ಮತ್ತೆ ಎರಡನೇ ಕೊನೆ ಬೇಕು ಅನ್ನೋರು ಇದ್ದಾರಾ?"

ಸಾಹೇಬರು ಕನ್ನಡಕ ಮೇಲೇರಿಸಿ ನನ್ನ ಮುಖ ನೋಡಿದರು. ಹಲಗೆಯ ಕೆಳಗಿನಿಂದ ನಾಲ್ಕು ಕಟ್ಟು ತೆಗೆದು ಕೊಟ್ಟರು.

ಆ ಮಳೆಗಾಲ ಪೂರ್ತಿ ಬರೆದೆ. ಯಾರು ಸಾಯಬಾರದು ಅಂದರೋ ಅವರನ್ನು ಬದುಕಿಸಿದೆ, ಯಾರು ಬರಬೇಕು ಅಂದರೋ ಅವರನ್ನು ಕರೆಸಿದೆ. ನನ್ನ ಹೆಸರು ಎಲ್ಲೂ ಇರಲಿಲ್ಲ, ಬೇಕು ಎಂದೂ ಅನ್ನಿಸಲಿಲ್ಲ. ಜೊತೆಗೆ ಹಿತ್ತಲಿಗೆ ಹೋಗಿ ಹಾಲು ಕರೆಯುವುದನ್ನು ಕಲಿತೆ. ದೊಡ್ಡ ಎಮ್ಮೆ ಎರಡು ಸಲ ಒದ್ದಿತು. "ಮದ್ವೆ ಆಗೋ ಹುಡುಗಿಗೆ ಇದೇನು ಹುಚ್ಚು" ಎಂದು ಅವ್ವ ಗೊಣಗಿದಳು.

ದೀಪಾವಳಿ ಹೊತ್ತಿಗೆ ಪರೀಕ್ಷೆಯ ಫಾರಂ ತಂದೆ. ಖಾಲಿಯಾಗಿದ್ದ ಸ್ಟೀಲ್ ಡಬ್ಬಿಯೊಳಗೆ ಕೊನೆಗಳನ್ನು ಬರೆದು ಬಂದ ದುಡ್ಡಿನ ಜೊತೆ ಮಡಿಸಿಟ್ಟು, ಅತ್ತಿಗೆ ಅಕ್ಕಿ ಆರಿಸುತ್ತಾ ಕೂತಿದ್ದಾಗ ಅವರ ಮುಂದಿಟ್ಟೆ.

ಅವರು ಡಬ್ಬಿ ತೆರೆದು ನೋಡಿದರು. ಮೊರದಲ್ಲಿದ್ದ ಅಕ್ಕಿಯಲ್ಲಿ ಬೆರಳಾಡಿಸುತ್ತಾ, "ಓದಿದ್ಯಾ?" ಅಂದರು.

"ಓದಿದೆ. ಸಾಹೇಬರು ಗೊತ್ತಿಲ್ಲದೆ ನನ್ನ ಕೈಗೆ ಕೊಟ್ಟಿದ್ರು."

"ಹೆಂಗಿತ್ತು?"

"ನನ್ನದಕ್ಕಿಂತ ಚೆನ್ನಾಗಿತ್ತು ಅತ್ತಿಗೆ."

ಸೆರಗಿನಿಂದ ಬಾಯಿ ಮುಚ್ಚಿಕೊಂಡರು. ನಗುತ್ತಿದ್ದರೋ ಅಳುತ್ತಿದ್ದರೋ ಗೊತ್ತಾಗಲಿಲ್ಲ. "ನಿಂದೂ ಚಲೋನೇ ಐತೆ ಬಿಡು. ಅಳು ಬಂದ ದಿನ ಅದನ್ನೇ ಓದ್ತೀನಿ" ಅಂದರು.

ಅವ್ವ ಕೇಳಿದ್ದು ಒಂದೇ ಪ್ರಶ್ನೆ: "ಎಮ್ಮೆ ಕರೆಯೋರು ಯಾರು?" ನಾನು ಕರೆಯುತ್ತೇನೆ ಅಂದೆ. ಅಣ್ಣ ಮಾರನೇ ದಿನ ಅಂಗಡಿಯಿಂದ ಎರಡು ಪೆನ್ನು ತಂದು ಕಿಟಕಿಯಲ್ಲಿಟ್ಟ.

ಲೆಕ್ಕದ ಪೇಪರಿನಲ್ಲಿ ಅತ್ತಿಗೆ ಮೊದಲ ಸಲ ಫೇಲಾದರು, ಅಕ್ಟೋಬರಿನಲ್ಲಿ ಮತ್ತೆ ಕಟ್ಟಿ ಪಾಸು ಮಾಡಿದರು. ಅದು ಆಮೇಲಿನ ಮಾತು. ನನ್ನ ಕಣ್ಣಲ್ಲಿ ಉಳಿದಿರುವುದು ಇಂಗ್ಲಿಷ್ ಪೇಪರಿನ ದಿನ.

ಪರೀಕ್ಷೆ ಶಿರಾಳಕೊಪ್ಪದಲ್ಲಿ. ಸಾಹೇಬರು ಉಳಿದ ರಟ್ಟು, ಕೆಂಪು ಕ್ಯಾಲಿಕೋ ಸೇರಿಸಿ ಒಂದು ಪ್ಯಾಡು ಮಾಡಿಕೊಟ್ಟಿದ್ದರು. ನಾನು ರೊಟ್ಟಿಯ ಡಬ್ಬಿ ಹಿಡಿದುಕೊಂಡು ಹೈಸ್ಕೂಲಿನ ಗೇಟಿನ ಹೊರಗೆ, ಮಕ್ಕಳ ತಂದೆತಾಯಿಗಳ ನಡುವೆ ನಿಂತಿದ್ದೆ. ಹುಡುಗ ಹುಡುಗಿಯರೆಲ್ಲ ಬಂದರು. ಎಲ್ಲರಿಗಿಂತ ಕೊನೆಗೆ, ಎದೆಗೆ ಪ್ಯಾಡು ಅವಚಿಕೊಂಡು, ಬೆರಳಿಗೆಲ್ಲ ಇಂಕು ಮಾಡಿಕೊಂಡು ಅತ್ತಿಗೆ ಬಂದರು.

"ಹೆಂಗಾಯ್ತು?"

"ಕೊನೇ ಪ್ರಶ್ನೆ ಒಂದು ಕತೆ ಕಣೇ. ನಾಕು ಮಾತು ಕೊಟ್ಟು ಬೆಳೆಸಿ ಬರೀರಿ ಅಂತ ಐತೆ. ಒಬ್ಬಳು ತಲೆ ಮೇಲೆ ಹಾಲಿನ ಗಡಿಗೆ ಹೊತ್ತು ಪ್ಯಾಟೆಗೆ ಹೊಂಟಾಳೆ. ದುಡ್ಡು ಬಂದ್ರೆ ಹಂಗ್ ಮಾಡೇನು ಹಿಂಗ್ ಮಾಡೇನು ಅನ್ಕಂತಾ ನಡೀತಾಳೆ. ಆಮ್ಯಾಲೆ ಗಡಿಗೆ ಬಿದ್ದು ಒಡೀತೈತೆ ಅಂತ ಅವರೇ ಕೊಟ್ಟಾರೆ."

"ಬರೆದ್ರಾ?"

"ಬರ್ದೆ. ಕೊನೆ ಮಾತ್ರ ನಂಗೆ ಹಿಡಿಸ್ಲಿಲ್ಲ." ಡಬ್ಬಿ ಬಿಚ್ಚಿ ರೊಟ್ಟಿ ಮುರಿಯುತ್ತಾ ನನ್ನ ಮುಖ ನೋಡಿದರು. "ಹಾಲು ಚೆಲ್ಲಲಿಲ್ಲ ಅಂತ ಬರ್ದೆ."

ಮಾರ್ಕು ಹೋಗುತ್ತದೆ ಅತ್ತಿಗೆ ಎಂದು ಹೇಳಲು ಬಾಯಿ ತೆರೆದವಳು ಹೇಳಲಿಲ್ಲ. ಅವರು ಒಂದು ತುಂಡು ರೊಟ್ಟಿಗೆ ಪಲ್ಯ ಹಚ್ಚಿ ನನ್ನ ಕೈಗಿಟ್ಟರು. ಗೇಟಿನ ಪಕ್ಕದ ಕಟ್ಟೆಯ ಮೇಲೆ ಕೂತು ಇಬ್ಬರೂ ತಿಂದೆವು.